ಮೊಂಡನ ಬೇರು ತೊಳೆದವಳು

ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿರಲಿಲ್ಲ. ಬೆಳೆ ಸಂಶೋಧನಾ ಕೇಂದ್ರದ ಗೇಟು ಕಾಯುವವನಿಂದ ಹಿಡಿದು ಮಹಡಿಯ ಮೇಲೆ ಕೂರುವ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವಳು ಥಳಥಳಮ್ಮ. ಮೊದಲ ಸಲ ಕೇಳಿದಾಗ ಅವಳಿಗೆ ಮೂಗಿನ ತುದಿಗೆ ಸಿಟ್ಟು ಬಂದಿತ್ತು. ಆಮೇಲೆ ಎಷ್ಟು ಒಗ್ಗಿಹೋಯಿತೆಂದರೆ, ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳೂ ಹಿಂದೆ ತಿರುಗಿ ನೋಡುತ್ತಿದ್ದಳು.

ಅವಳ ಕೆಲಸ ಬೇರು ತೊಳೆಯುವುದು. ಇದೂ ಒಂದು ಕೆಲಸವೇ ಎಂದು ಹುಬ್ಬೇರಿಸುವವರು ಕೇಂದ್ರದ ಹಿಂಭಾಗದ ತಗಡಿನ ಶೆಡ್ಡಿಗೆ ಒಮ್ಮೆ ಹೋಗಿಬರಬೇಕು. ಹೊಲದಲ್ಲಿ ಕಬ್ಬಿಣದ ಕೊಳವೆ ಇಳಿಸಿ, ಗಿಡದ ಬುಡದ ಮಣ್ಣನ್ನು ಉದ್ದಕ್ಕೆ ಕತ್ತರಿಸಿ ತರುತ್ತಾರೆ. ಆ ಮಣ್ಣಿನೊಳಗೆ ಕೂದಲಿಗಿಂತ ತೆಳ್ಳಗಿನ ಬೇರುಗಳು ಲೆಕ್ಕವಿಲ್ಲದಷ್ಟು. ಒಂದೂ ಹರಿಯದಂತೆ, ಮರಳಿನ ಒಂದು ಹರಳೂ ಉಳಿಯದಂತೆ ಅವನ್ನು ಬಿಡಿಸಿಕೊಟ್ಟರೆ ವಿಜ್ಞಾನಿಗಳು ಯಂತ್ರದ ಗಾಜಿನ ಮೇಲೆ ಹರಡಿ ಉದ್ದ ಅಳೆಯುತ್ತಾರೆ. ಮಣ್ಣನ್ನು ತೊಟ್ಟಿಯಲ್ಲಿ ನೆನೆಹಾಕಬೇಕು, ಜರಡಿಯ ಮೇಲೆ ಸುರಿದು ಸಣ್ಣ ಧಾರೆ ಬಿಡಬೇಕು, ತೇಲಿದ್ದನ್ನು ಚಿಮಟದಲ್ಲಿ ಎತ್ತಬೇಕು, ಯಾವುದು ಹಳೆಯ ಹುಲ್ಲಿನ ಎಳೆ ಯಾವುದು ಜೀವಂತ ಬೇರು ಎಂದು ನೋಡಿ ಬೇರ್ಪಡಿಸಬೇಕು. ಸೊಂಟ ಬಿದ್ದುಹೋಗುವ ಕೆಲಸ. ಬೇರೆಯವರು ಮಾಡಿದರೆ ತಟ್ಟೆಯ ತಳದಲ್ಲಿ ಕೆಸರಿನ ಗೆರೆಯೊಂದು ಇದ್ದೇ ಇರುತ್ತಿತ್ತು. ಅವಳ ತಟ್ಟೆಯಲ್ಲಿ ಬೇರು ಬೆಳ್ಳಿಯ ಎಳೆಯಂತೆ ಮಲಗಿರುತ್ತಿತ್ತು. ಹೊರಗಿನಿಂದ ದೊಡ್ಡವರು ಯಾರು ಬಂದರೂ ನಿರ್ದೇಶಕರು ಅವರನ್ನು ಶೆಡ್ಡಿಗೆ ಕರೆತಂದು ಆ ತಟ್ಟೆಗಳನ್ನು ತೋರಿಸುತ್ತಿದ್ದರು. ಅವಳು ಕೈ ಒರೆಸಿಕೊಂಡು ಏನೂ ಅರಿಯದವಳಂತೆ ಪಕ್ಕಕ್ಕೆ ನಿಲ್ಲುವಳು. ಒಳಗೊಳಗೆ ಹಿಗ್ಗಿ ಹೀರೇಕಾಯಿ ಆಗಿರುವಳು.

ಈ ಕೈಗುಣ ಹುಟ್ಟಿನಿಂದ ಬಂದದ್ದಲ್ಲ. ಇಲ್ಲಿಗೆ ಬರುವ ಮುಂಚೆ ಅವಳು ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶಸ್ತ್ರಚಿಕಿತ್ಸೆಯ ಕತ್ತರಿ, ಚಾಕು, ಚಿಮಟಗಳನ್ನು ತೊಳೆಯುವ ಕೋಣೆಯಲ್ಲಿ ದುಡಿದವಳು. ಅಲ್ಲಿನ ಹಿರಿಯ ನರ್ಸಮ್ಮನೇ ಅವಳ ಗುರು. ಆ ಮಹಾತಾಯಿ ಬಾಯಿ ತೆರೆದರೆ ಬೈಗುಳ, ಇಲ್ಲವಾದರೆ ಪಾಠ.

"ಕಣ್ಣನ್ನ ನಂಬಬೇಡ ಕಣೇ," ಎಂದಿದ್ದರು ಆಕೆ ಮೊದಲ ದಿನವೇ. "ರಕ್ತ ಹೋದ್ಮೇಲೂ ಲೋಳೆ ಉಳ್ಕೊಂಡಿರುತ್ತೆ. ಕಣ್ಣಿಗೆ ಕಾಣಲ್ಲ. ಹೆಬ್ಬೆರಳಿಟ್ಟು ಉಜ್ಜು. ಜಾರಿದ್ರೆ ಕೊಳೆ ಇದೆ. ಕಿರ್ ಅಂದ್ರೆ ಶುದ್ಧ. ಆ ಲೋಳೆಯೊಳಗೆ ಬ್ಯಾಕ್ಟೀರಿಯಾ ಮನೆ ಮಾಡ್ಕೊಂಡು ಕೂತಿರುತ್ತೆ. ನೀನು ಬಿಟ್ಟ ಒಂದು ಚೂರು ಲೋಳೆ ಯಾರದೋ ಹೊಟ್ಟೆಯೊಳಗೆ ಹೋಗುತ್ತೆ, ತಿಳೀತಾ?"

ತಿಳಿಯಿತು. ತಲೆಗೆ ತಿಳಿದದ್ದಕ್ಕಿಂತ ಹೆಚ್ಚಾಗಿ ಹೆಬ್ಬೆರಳಿಗೆ ತಿಳಿಯಿತು. ಅಂದಿನಿಂದ ಲೋಳೆ ಎನ್ನುವುದು ಅವಳ ಜನ್ಮವೈರಿ. ಲೋಟ, ಬಾಗಿಲ ಚಿಲಕ, ಮಲಗಿದ್ದ ಮಗಳ ಕಿವಿಯ ಹಿಂಭಾಗ, ಎಲ್ಲವೂ ಕಿರ್ ಎನ್ನಲೇಬೇಕು. ಮುಂದೆ ಆಸ್ಪತ್ರೆಗೆ ತೊಳೆಯುವ ಯಂತ್ರ ಬಂತು. ಕೈಗಳು ಬೇಡವಾದವು. ಅವಳು ಹೆಬ್ಬೆರಳಿನ ಸಮೇತ ಬೇರಿನ ಶೆಡ್ಡಿಗೆ ಬಂದು ಸೇರಿದಳು.

ಇಂಥವಳಿಗೆ ಗಂಡನಾಗಿ ಸಿಕ್ಕವನು ಬಸ್ ಡಿಪೋದ ಫಿಟ್ಟರ್. ಮೊಣಕೈವರೆಗೆ ಗ್ರೀಸು, ಉಗುರಿನ ಸಂದಿಯಲ್ಲಿ ಗ್ರೀಸು, ನಕ್ಕರೆ ಕೆನ್ನೆಯ ಮಡಿಕೆಯಲ್ಲೂ ಗ್ರೀಸು. ಅವನು ಸಂಜೆ ಮನೆಯೊಳಗೆ ಕಾಲಿಡಬೇಕಾದರೆ ಹಿತ್ತಿಲ ನಲ್ಲಿಯ ಹತ್ತಿರ ಪರೀಕ್ಷೆ ಪಾಸಾಗಬೇಕಿತ್ತು. ಅತ್ತೆ ಬದುಕಿದ್ದಷ್ಟು ದಿನವೂ ನೆರೆಹೊರೆಯವರ ಮುಂದೆ, "ನನ್ನ ಸೊಸೆ ನೀರನ್ನೂ ತೊಳೆದೇ ಕುಡಿಯೋದು," ಎಂದು ಹೇಳಿಕೊಂಡು ತಿರುಗಿದರು. ಅದು ಹೊಗಳಿಕೆಯೋ ದೂರೋ ಎಂದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಮಗಳು ಮದುವೆಯಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದ್ದಳು. ಅಮ್ಮ ಬರುತ್ತಾಳೆಂದು ಗೊತ್ತಾದ ದಿನ ಒಲೆಯ ಹಿಂದಿನ ಗೋಡೆಯನ್ನೂ ಒರೆಸಿಡುತ್ತಿದ್ದಳು.

ಕೇಂದ್ರದಲ್ಲಿ ಮೆಕ್ಕೆಜೋಳದ ತಳಿ ಬೆಳೆಸುವ ಹಿರಿಯರೊಬ್ಬರಿದ್ದರು. ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳುವ ಚಾಳಿಯಿಂದಾಗಿ ಅವರು ತಳಿ ಮೇಷ್ಟ್ರು. ಕೂದಲು ಕಪ್ಪಗಿದ್ದಾಗ ಶುರು ಮಾಡಿದ ಒಂದು ತಳಿಯನ್ನು ತಲೆ ಬೋಳಾಗುವವರೆಗೂ ಬಿಡದೆ ತಿದ್ದುತ್ತ ಬಂದಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಮೊಂಡ. ನೀರು ಕಡಿಮೆಯಾದರೆ ಪಕ್ಕದ ಸಾಲಿನ ಗಿಡಗಳೆಲ್ಲ ಎಲೆ ಸುರುಳಿ ಸುತ್ತಿಕೊಂಡು ಜೋಲು ಮೋರೆ ಹಾಕುತ್ತಿದ್ದವು. ಮೊಂಡ ಮಾತ್ರ ಹಸಿರಾಗಿ ನಿಂತಿರುತ್ತಿದ್ದ. ಹೌದು, ಮೇಷ್ಟ್ರು ಆ ಗಿಡವನ್ನು ಅವನು ಎಂದೇ ಕರೆಯುತ್ತಿದ್ದರು, ಹಾಗಾಗಿ ಕೇಂದ್ರವೂ ಹಾಗೆಯೇ ಕರೆಯುತ್ತಿತ್ತು.

ಆದರೆ ಮೇಲಿನವರ ಸಮಿತಿಗೆ ಹಸಿರು ಸಾಲದು, ಕಾರಣ ಬೇಕು. ಕಾರಣ ಅಳತೆಯಲ್ಲಿ ಬೇಕು. ಮೇಷ್ಟ್ರು ಆ ವರ್ಷ ನಿವೃತ್ತಿಯಾಗುವವರಿದ್ದರು. ಎಲ್ಲ ತಳಿಗಳ ಬೇರಿಗೂ ಒಂದು ಪರೀಕ್ಷೆ ನಡೆಸಿ, ಗೆದ್ದವನ್ನು ಬೇರೆ ಕೇಂದ್ರಗಳಿಗೆ ಕಳಿಸುತ್ತಾರೆ, ಸೋತವನ್ನು ಉತ್ತು ಮುಚ್ಚುತ್ತಾರೆ, ಬೀಜದ ಕೋಣೆಯಿಂದಲೂ ತೆಗೆದು ಜಾಗ ಖಾಲಿ ಮಾಡುತ್ತಾರೆ ಎಂದು ತೀರ್ಮಾನವಾಯಿತು. ಮೊಂಡ ಸೋತರೆ ಅವನನ್ನು ಮತ್ತೆ ಬಿತ್ತುವವರು ಯಾರೂ ಇರಲಿಲ್ಲ.

ಆ ಪರೀಕ್ಷೆ ಮಾಡಲೆಂದೇ ಬಂದ ವಿಜ್ಞಾನಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ವಯಸ್ಸಿನಲ್ಲಿ ಥಳಥಳಮ್ಮನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು. ಮಾತು ಪಟಪಟ, ನಡಿಗೆ ಅದಕ್ಕಿಂತ ಪಟಪಟ. ಅವರು ಓದಿದ್ದೇ ಬೇರಿನ ಲೋಳೆಯ ಮೇಲೆ. ಕೇಳಿದಾಗ ಥಳಥಳಮ್ಮನಿಗೆ ಪಾಪ ಅನಿಸಿತ್ತು. ಇಷ್ಟು ಚೆಂದದ ಹುಡುಗಿಗೆ ಓದಲು ಬೇರೆ ಏನೂ ಸಿಗಲಿಲ್ಲವೇ?

ಮೇಡಂ ಶೆಡ್ಡಿನಲ್ಲಿ ಸ್ಟೂಲು ಎಳೆದುಕೊಂಡು ಕೂತು ಬಿಡಿಸಿ ಹೇಳಿದ್ದರು. "ನೋಡಿ ಅಮ್ಮ, ಬೇರಿನ ತುದಿಗೆ ಒಂದು ಟೋಪಿ ಇರುತ್ತೆ. ಆ ಟೋಪಿಯ ಜೀವಕೋಶಗಳು ಸಕ್ಕರೆಯನ್ನ ಒಂದಕ್ಕೊಂದು ಪೋಣಿಸಿ ಉದ್ದುದ್ದ ಸರ ಮಾಡ್ತವೆ. ಪಾಲಿಸ್ಯಾಕರೈಡ್ ಅಂತೀವಿ. ಒಂದು ಥರ ಪೋಣಿಸಿದ್ರೆ ಗಟ್ಟಿ ದಾರ, ಹತ್ತಿ ನೂಲಲ್ಲಿ ಇರೋದೇ ಅದು. ಅದರಿಂದ ಜೀವಕೋಶ ತನ್ನ ಗೋಡೆ ಕಟ್ಕೊಳ್ಳುತ್ತೆ. ಇನ್ನೊಂದು ಥರ ಪೋಣಿಸಿದ್ರೆ ನೀರು ಹೀರಿ ಉಬ್ಬೋ ಲೋಳೆ. ಅದನ್ನ ಗೋಡೆ ದಾಟಿಸಿ ಹೊರಗೆ ಬಿಡುತ್ತೆ."

"ಅಂದ್ರೆ ಗಿಡ ತಾನು ಮಾಡಿದ ಸಕ್ಕರೆಯನ್ನ ಮಣ್ಣಿಗೆ ಚೆಲ್ಲುತ್ತಾ?" ಥಳಥಳಮ್ಮನಿಗೆ ಆ ದುಂದು ಹಿಡಿಸಲಿಲ್ಲ.

"ಸುಮ್ನೆ ಚೆಲ್ಲಲ್ಲ. ಗಟ್ಟಿ ಮಣ್ಣಲ್ಲಿ ಬೇರು ನುಗ್ಗಬೇಕಲ್ಲ, ಆಗ ಜಾರೋಕೆ ಅದು ಬೇಕು. ಮಣ್ಣಿನ ಕಣಗಳನ್ನ ಬೇರಿಗೆ ಅಂಟಿಸೋ ಗೋಂದೂ ಅದೇ. ಮಣ್ಣು ಒಣಗಿದಾಗ ಬೇರಿನ ಪಕ್ಕ ಒಂದಿಷ್ಟು ತೇವ ಹಿಡಿದಿಡುತ್ತೆ. ಯಾವ ತಳಿಯ ಬೇರು ಜಾಸ್ತಿ ಮಣ್ಣು ಹಿಡ್ಕೊಳ್ಳುತ್ತೋ ಅದು ಒಣ ಹೊಲದಲ್ಲಿ ತಾಳಿಕೊಳ್ಳಬಹುದು ಅನ್ನೋದು ನಮ್ಮ ಊಹೆ."

"ಸಕ್ಕರೆ ಅಂದ್ರೆ ಇರುವೆ ಬರಲ್ವಾ ಮೇಡಂ?"

ಮೇಡಂ ನಕ್ಕರು. "ಇರುವೆ ಬರಲ್ಲ. ಬ್ಯಾಕ್ಟೀರಿಯಾ ಬರುತ್ತೆ. ಗಿಡವೇ ಕರೆದು ಊಟ ಹಾಕುತ್ತೆ."

ಆ ಒಂದು ಮಾತು ಕೇಳಿ ಥಳಥಳಮ್ಮ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಉಳಿದ ಪಾಠವೆಲ್ಲ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ಲೋಳೆ, ಅದರೊಳಗೆ ಬ್ಯಾಕ್ಟೀರಿಯಾ, ಅದಕ್ಕೆ ಕರೆದು ಊಟ ಬೇರೆ. ನರ್ಸಮ್ಮ ಕೇಳಿದ್ದರೆ ಅಲ್ಲೇ ಎದೆ ಒಡೆದುಕೊಳ್ಳುತ್ತಿದ್ದರು.

ಮಾಡಬೇಕಾದ ಕೆಲಸ ಮಾತ್ರ ಅವಳಿಗೆ ಸರಿಯಾಗಿಯೇ ಅರ್ಥವಾಗಿತ್ತು. ನೀರು ಹಾಯಿಸದೆ ಬಿಟ್ಟ ಹೊಲದ ತುಂಡಿನಿಂದ, ಅಂದರೆ ಒಣ ತಾಕಿನಿಂದ, ಎಲ್ಲ ತಳಿಗಳ ಗಿಡ ಕಿತ್ತು ತರುತ್ತಾರೆ. ಕಾಂಡ ಹಿಡಿದು ಎಲ್ಲವನ್ನೂ ಒಂದೇ ರೀತಿ ಕೊಡವಬೇಕು. ಉದುರುವಷ್ಟು ಉದುರಲಿ. ಅಂಟಿಕೊಂಡಿದ್ದು ಅಂಟಿಕೊಂಡ ಹಾಗೆಯೇ, ಬೇರಿನ ಸಮೇತ ಗಾಜಿನ ಬಟ್ಟಲಿಗೆ ಹಾಕಿ, ಮುಚ್ಚಿ, ತಣ್ಣನೆಯ ಬೀರುವಿನಲ್ಲಿಡಬೇಕು. ತೊಳೆಯುವುದು ಆಮೇಲೆ, ಅದೂ ಮೇಡಂ ಕೈಯಿಂದ, ಅಳತೆಯ ನೀರಿನಲ್ಲಿ. ಆ ಮಣ್ಣನ್ನು ತೂಗುತ್ತಾರೆ. ಆ ನೀರಿಗೆ ಆಸಿಡ್ಡು ಹಾಕಿದರೆ ಸಕ್ಕರೆ ಇದ್ದಷ್ಟೂ ಕಿತ್ತಳೆ ಬಣ್ಣ ಏರುತ್ತದೆ.

"ತೊಳೀಬಾರದು ಅಮ್ಮ," ಎಂದು ಮೇಡಂ ಮತ್ತೆ ಮತ್ತೆ ಹೇಳಿದ್ದರು. ಹೇಳಿ, ತಂಗಿಯ ಹೆರಿಗೆಗೆಂದು ರಜೆ ಹಾಕಿ ಹೋದರು. ಗಿಡಗಳಿಗೆ ಹದ ಬಂದಿತ್ತು, ಕಾಯುವ ಹಾಗಿರಲಿಲ್ಲ. ಥಳಥಳಮ್ಮ ಇದ್ದಾಳಲ್ಲ ಎಂದು ಎಲ್ಲರಿಗೂ ನೆಮ್ಮದಿ.

ಅವಳು ಹೇಳಿದಂತೆಯೇ ಶುರು ಮಾಡಿದಳು. ಮೊದಲ ತಳಿ ಕೊಡವಿದಳು. ಮಣ್ಣು ಹೆಚ್ಚುಕಡಿಮೆ ಉದುರಿಹೋಯಿತು. ಎರಡನೆಯದು, ಅದೂ ಹಾಗೆಯೇ. ಅಲ್ಲೊಂದು ಇಲ್ಲೊಂದು ಮಣ್ಣಿನ ಕಾಳು ಕಂಡರೂ ಬೇರು ಬೇರಿನ ಹಾಗೆ ಕಾಣುತ್ತಿತ್ತು. ಮನಸ್ಸು ಗಟ್ಟಿ ಮಾಡಿಕೊಂಡು ಬಟ್ಟಲಿಗೆ ಹಾಕಿದಳು. ಆಮೇಲೆ ಬಂತು ಮೊಂಡನ ಸರದಿ. ಕೊಡವಿದರೆ ಏನೂ ಉದುರಲೊಲ್ಲದು. ಒಂದೊಂದು ಬೇರೂ ಕೆಸರಿನ ಕಾಲುಚೀಲ ಹಾಕಿಕೊಂಡು ಕೂತಿತ್ತು. ಬಟ್ಟಲಿಗೆ ಹಾಕಿದರೆ ಚರಂಡಿಯಿಂದ ಎತ್ತಿದ ಚಿಂದಿಯಂತೆ ಬಿದ್ದುಕೊಂಡಿತು.

ಬೇರೆ ದಿನವಾಗಿದ್ದರೆ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದಳೋ ಏನೋ. ಅವತ್ತು ಬೆಳಿಗ್ಗೆಯೇ ನಿರ್ದೇಶಕರು, ನಾಳೆ ಅತಿಥಿಗಳು ಬರುತ್ತಾರೆ, ಈ ಬಟ್ಟಲುಗಳನ್ನೂ ತೋರಿಸೋಣ ಎಂದು ಹೇಳಿಹೋಗಿದ್ದರು. ಎಲ್ಲರೆದುರು ಮುಚ್ಚಳ ತೆಗೆದಾಗ ಇಂಥ ಹೊಲಸು ಕಾಣಬೇಕೇ? ಇಷ್ಟು ವರ್ಷ ಗಳಿಸಿದ ಹೆಸರು ಒಂದು ಬಟ್ಟಲಿನಲ್ಲಿ ಮಣ್ಣುಪಾಲಾಗಬೇಕೇ? ಮೇಡಂಗೆ ಬೇಕಾದದ್ದು ಸಕ್ಕರೆ ತಾನೇ, ಮಣ್ಣಲ್ಲವಲ್ಲ ಎಂದು ತನಗೆ ತಾನೇ ಒಂದು ನ್ಯಾಯ ಹೇಳಿಕೊಂಡಳು. ನ್ಯಾಯ ಪೊಳ್ಳು ಎಂದು ಹೇಳುವಾಗಲೇ ಗೊತ್ತಿತ್ತು. ಸುಮ್ಮನೆ ಒಮ್ಮೆ ನೀರಿನಲ್ಲಿ ಅದ್ದಿ ತೆಗೆದುಬಿಡುವುದು, ಅಷ್ಟೇ.

ಅದ್ದಿದಳು. ಮಣ್ಣು ಬಿಟ್ಟಿತು. ಆಗ ಹೆಬ್ಬೆರಳು ತಾನಾಗಿ ಬೇರಿನ ಮೇಲೆ ಸರಿಯಿತು. ಜಾರಿತು. ಅಷ್ಟು ಲೋಳೆಯನ್ನು ಅವಳು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. ಮುಂದಿನದಕ್ಕೆ ಬುದ್ಧಿಯ ಅಪ್ಪಣೆ ಬೇಕಾಗಲಿಲ್ಲ. ಇನ್ನೊಂದು ನೀರು, ಮತ್ತೊಂದು ನೀರು, ಕಿರ್ ಎನ್ನುವವರೆಗೆ. ಮೊಂಡನ ಎಲ್ಲ ಗಿಡಗಳಿಗೂ ಅದೇ ಉಪಚಾರವಾಯಿತು. ನೀರನ್ನು ಮೋರಿಗೆ ಚೆಲ್ಲಿದಳು. ಮಾರನೆಯ ದಿನ ಬಂದ ಅತಿಥಿಗಳು ಮೊಂಡನ ಬಟ್ಟಲನ್ನೇ ಎತ್ತಿ ಬೆಳಕಿಗೆ ಹಿಡಿದು ವಾಹ್ ಎಂದರು.

ಮೇಡಂ ಮರಳಿ ಬಂದು ತಮ್ಮ ಪಾಲಿನ ಕೆಲಸ ಮುಗಿಸಿದರು. ಒಂದು ಮಧ್ಯಾಹ್ನ ಥಳಥಳಮ್ಮ ಜರಡಿಗಳನ್ನು ತಿಕ್ಕುತ್ತಿದ್ದಾಗ ಮೇಡಂ ಮತ್ತು ತಳಿ ಮೇಷ್ಟ್ರು ಶೆಡ್ಡಿನ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದುದು ಅವಳ ಕಿವಿಗೆ ಬಿತ್ತು.

"ನನಗೂ ಬೇಜಾರೇ ಸಾರ್," ಮೇಡಂ ಅನ್ನುತ್ತಿದ್ದರು. "ಮೊಂಡ ಎಲ್ಲದಕ್ಕಿಂತ ಹಿಂದೆ ಇದ್ದಾನೆ. ಬೇರಲ್ಲಿ ಮಣ್ಣೇ ಹಿಡಿದಿಲ್ಲ. ನೀರಿಗೆ ಆಸಿಡ್ಡು ಹಾಕಿದ್ರೆ ಬಣ್ಣಾನೇ ಬರಲಿಲ್ಲ. ಲೋಳೆ ಇಲ್ಲವೇ ಇಲ್ಲ ಅನ್ನೋ ಹಾಗೆ."

"ಹಸಿರಾಗಿ ನಿಂತಿದ್ನಲ್ಲಮ್ಮ."

"ಬೇರೆ ಏನೋ ಕಾರಣ ಇರಬೇಕು ಸಾರ್. ಸಮಿತಿಗೆ ನಾನು ಅಳತೆ ಬಿಟ್ಟು ಏನು ಹೇಳಲಿ?"

ಮೇಷ್ಟ್ರು ವಾದ ಮಾಡಲಿಲ್ಲ. ಜೀವನವಿಡೀ ಅಳತೆಗೆ ತಲೆ ಬಾಗಿದ ಮನುಷ್ಯ, ಈಗ ತನ್ನ ಮಗುವಿನ ವಿಷಯ ಬಂತೆಂದು ಬದಲಾಗುವವರಲ್ಲ. "ಹಾಗಾದ್ರೆ ಆಯ್ತು. ನಾಳೆ ಟ್ರಾಕ್ಟರ್ ಬರುತ್ತೆ. ಪರೀಕ್ಷೆ ಮುಗೀತಲ್ಲ, ಇಡೀ ತಾಕು ಉತ್ತುಬಿಡಲಿ," ಎಂದು ಹೇಳಿ, ಚಪ್ಪಲಿ ಎಳೆದುಕೊಂಡು ಹೊರಟುಹೋದರು.

ಜರಡಿ ಥಳಥಳಮ್ಮನ ಕೈಯಲ್ಲೇ ಉಳಿಯಿತು. ತಾನು ತೊಳೆದದ್ದು ಮೊಂಡನನ್ನು ಮಾತ್ರ ಎನ್ನುವುದು ಅವಳಿಗೆ ಗೊತ್ತಿತ್ತು. ಅದರಿಂದ ಏನಾಯಿತು ಎನ್ನುವುದು ಈಗ ಗೊತ್ತಾಯಿತು.

ಸಂಜೆ ಗಂಡನಿಗೆ ಹಿತ್ತಿಲ ನಲ್ಲಿಯ ಹತ್ತಿರ ಪರೀಕ್ಷೆ ನಡೆಯಲಿಲ್ಲ. ಅವನು ಗ್ರೀಸಿನ ಕೈಯಲ್ಲೇ ಒಳಗೆ ಬಂದ, ಕುರ್ಚಿಯ ಮೇಲೆ ಕೂತ, ಅವಳು ನೋಡಿದರೂ ಏನೂ ಅನ್ನಲಿಲ್ಲ. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

"ಏನಾಯ್ತೇ? ಹುಷಾರಿಲ್ವಾ?"

ಅವಳು ಎಲ್ಲ ಹೇಳಿದಳು. ಅವನು ಬಾಯಿ ಬಿಟ್ಟುಕೊಂಡು ಕೇಳಿದ.

"ನನ್ನ ಬೇರಿಂಗ್ ಕಥೆನೇ ಆಯ್ತಲ್ಲೇ ಇದು," ಎಂದ. "ನಾನು ಹೊಸ ಬೇರಿಂಗ್ ತಂದು ಕಿಟಕಿ ಮೇಲೆ ಇಟ್ಟಿದ್ರೆ, ನೀನು ಒಳಗೆ ತುಂಬಿದ್ದ ಗ್ರೀಸನ್ನ ಕೊಳೆ ಅಂತ ಸೋಪು ಹಾಕಿ ತಿಕ್ಕಿ, ಕನ್ನಡಿ ಥರ ಮಾಡಿ ಕೊಟ್ಟಿದ್ದೆ. ಆ ಗ್ರೀಸಿಲ್ಲದೆ ಚಕ್ರ ತಿರುಗಲ್ಲ ಅಂತ ನಿಂಗೆ ಹೇಳಿ ಹೇಳಿ ಸಾಕಾಗಿತ್ತು."

"ನಗಬೇಡಿ ರೀ."

"ನಗ್ತಿಲ್ಲ ಕಣೇ. ಬೇರಿಂಗ್ ಅಂಗಡಿಯಲ್ಲಿ ಇನ್ನೊಂದು ಸಿಕ್ತು. ಆ ಮುದುಕಪ್ಪಂಗೆ ಇನ್ನೊಂದು ಮೊಂಡ ಎಲ್ಲಿ ಸಿಗ್ತಾನೆ?"

"ಹೇಳಿದ್ರೆ ನನ್ನ ಹೆಸರು ಏನಾಗುತ್ತೆ ಹೇಳಿ. ನಾಳೆಯಿಂದ ಯಾರು ನನ್ನ ಬಟ್ಟಲನ್ನ ನಂಬ್ತಾರೆ? ಕೆಲಸದಿಂದ ತೆಗೀಬಹುದು."

"ತೆಗೀಬಹುದು," ಎಂದು ಅವನು ಒಪ್ಪಿಕೊಂಡ. "ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ, ಅದೂ ನಿಜ."

ಹೇಳು ಎಂದು ಅವನು ಒತ್ತಾಯ ಮಾಡಿದ್ದರೆ ಅವಳು ಜಗಳ ತೆಗೆದು ಹಗುರಾಗುತ್ತಿದ್ದಳು. ಬೇಡ ಎಂದಿದ್ದರೆ ಅವನ ತಲೆಗೆ ಕಟ್ಟಿ ಸುಮ್ಮನಿರುತ್ತಿದ್ದಳು. ಪುಣ್ಯಾತ್ಮ ಎರಡೂ ಮಾಡದೆ ಎದ್ದು ಹಿತ್ತಿಲಿಗೆ ಕೈ ತೊಳೆಯಲು ಹೋದ.

ಬೆಳಿಗ್ಗೆ ಅವಳು ಶೆಡ್ಡಿನ ಬೀಗ ತೆಗೆಯದೆ ನೇರ ತಳಿ ಮೇಷ್ಟ್ರ ಕೋಣೆಗೆ ಹೋದಳು. ಆ ಕೋಣೆಗೆ ಅವಳು ಹಿಂದೆಂದೂ ಹೋದವಳಲ್ಲ. ಕಿಟಕಿಯ ಸರಳಿನಿಂದ ಕಪಾಟಿನವರೆಗೆ ಕಟ್ಟಿದ ದಾರದಲ್ಲಿ ಜೋಳದ ತೆನೆಗಳು ನೇತಾಡುತ್ತಿದ್ದವು. ಮೇಷ್ಟ್ರು ಅವನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಸಾರ್, ಮೊಂಡನ ಬೇರಲ್ಲಿ ಮಣ್ಣಿತ್ತು."

"ಯಾವ ಮಣ್ಣಮ್ಮ?"

"ತುಂಬ ಇತ್ತು ಸಾರ್. ಕೊಡವಿದ್ರೂ ಬೀಳಲಿಲ್ಲ. ನಾನು... ತೊಳೆದುಬಿಟ್ಟೆ."

ಮೇಷ್ಟ್ರ ಕೈ ನಿಂತಿತು. "ಎಲ್ಲಾ ತಳಿದೂ ತೊಳೆದ್ರಾ?"

"ಇಲ್ಲ ಸಾರ್. ಅವನದ್ದು ಮಾತ್ರ. ಉಳಿದವು ಕೊಡವಿದಾಗ ಸುಮಾರಾಗಿ ಚೆನ್ನಾಗೇ ಕಂಡ್ವು. ಅವನೇ ಎಲ್ಲರಿಗಿಂತ ಕೊಳೆಯಾಗಿದ್ದ. ಲೋಳೆಯೂ ಅಷ್ಟೇ, ಕೈಗೆ ಜಾರ್ತಿತ್ತು. ಅದನ್ನೂ ಬಿಡಲಿಲ್ಲ."

ಮೇಷ್ಟ್ರು ಬೈಯುತ್ತಾರೆಂದು ಅವಳು ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಮುಖ ಎತ್ತಿ ನೋಡಿದರೆ ಕೋಣೆಯಲ್ಲಿ ಅವರೇ ಇರಲಿಲ್ಲ. ಗೋಣಿಚೀಲ ಅಡ್ಡ ಬಿದ್ದಿತ್ತು, ಚಪ್ಪಲಿ ಮೇಜಿನ ಕೆಳಗಿತ್ತು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ ಬರಿಗಾಲಲ್ಲಿ, ಎರಡೂ ಕೈ ಮೇಲೆತ್ತಿ ಬೀಸುತ್ತ, ಹೊಲದ ಕಡೆ ಓಡುತ್ತಿದ್ದರು. ಅವಳೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದಳು.

ಟ್ರಾಕ್ಟರ್ ಆಗಲೇ ಅರ್ಧ ತಾಕು ಮಗುಚಿ ಹಾಕಿತ್ತು. ಅದರ ಸದ್ದಿನಲ್ಲಿ ಮೇಷ್ಟ್ರ ಕೂಗು ಚಾಲಕನಿಗೆ ಕೇಳಿಸಲಿಲ್ಲ. ಕೊನೆಗೆ ಅವರು ಟ್ರಾಕ್ಟರಿನ ಮುಂದೆಯೇ ಹೋಗಿ ನಿಂತರು. ಎಂಜಿನ್ ನಿಂತಾಗ ಚಾಲಕನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಎಲ್ಲ ತಳಿಗಳ ಸಾಲುಗಳೂ ಅರ್ಧಕ್ಕರ್ಧ ಮಣ್ಣಾಗಿದ್ದವು, ಅರ್ಧ ನಿಂತಿದ್ದವು. ಮಗುಚಿದ ಮಣ್ಣಿನಲ್ಲಿ ಮೊಂಡನ ಹಸಿರು ಎಲೆಗಳು ಹೊರಗೆ ಚಾಚಿಕೊಂಡಿದ್ದವು. ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತ, ಅವಳ ಕಡೆ ತಿರುಗಿದರು. ಬೈಗುಳ ಈಗ ಬಂತು.

"ಏನಮ್ಮ ನೀನು! ನನ್ನ ಇಡೀ ಆಯುಷ್ಯ ಮೋರಿಗೆ ಚೆಲ್ಲಿಬಿಟ್ಯಲ್ಲಮ್ಮ!"

ಇಷ್ಟು ವರ್ಷದಲ್ಲಿ ಅವರು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಮೇಡಂಗೆ ವಿಷಯ ತಿಳಿದಾಗ ಅವರು ಕೂಗಾಡಲಿಲ್ಲ. "ನಿಮ್ಮನ್ನ ನಂಬಿ ಹೋಗಿದ್ದೆ ಅಮ್ಮ," ಎಂದಷ್ಟೇ ಹೇಳಿದರು. ಕೂಗಾಡಿದ್ದರೆ ಚೆನ್ನಾಗಿತ್ತು. ನಿರ್ದೇಶಕರು ಮೂವರನ್ನೂ ಮಹಡಿಗೆ ಕರೆಸಿಕೊಂಡರು. ಉಳಿದ ಸಾಲುಗಳಿಂದ ಪರೀಕ್ಷೆಯನ್ನು ಮತ್ತೆ ಮಾಡುವುದೆಂದು ತೀರ್ಮಾನವಾಯಿತು. ಇದಾದ ಮೇಲೆ ಗಿಡಗಳೇ ಇರುವುದಿಲ್ಲ, ಇನ್ನೊಂದು ಅವಕಾಶವಿಲ್ಲ. ಈ ಸಲ ಕೊಡವುವ ಕೆಲಸ ತಾವೇ ಮಾಡುವುದಾಗಿ ಮೇಡಂ ಹೇಳಿದರು. ನಿರ್ದೇಶಕರು, ಅದೇ ಸರಿ, ಇವರನ್ನು ಸ್ವಲ್ಪ ದಿನ ಬೇರೆ ಕಡೆ ಹಾಕೋಣ ಎಂದರು. ಥಳಥಳಮ್ಮ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು. ಆ ನೆಲವೂ ಅಷ್ಟೇನೂ ಚೊಕ್ಕಟವಾಗಿರಲಿಲ್ಲ.

"ಬೇಡ," ಎಂದರು ತಳಿ ಮೇಷ್ಟ್ರು. ಬೆಳಿಗ್ಗೆಯಿಂದ ಗಂಟಿಕ್ಕಿದ್ದ ಮುಖ ಇನ್ನೂ ಸಡಿಲವಾಗಿರಲಿಲ್ಲ. "ಇವರೇ ಮಾಡ್ಲಿ."

"ಸಾರ್, ಇವರೇ ಅಲ್ವಾ..." ಎಂದು ಮೇಡಂ ಶುರು ಮಾಡಿದರು.

"ಹೌದು, ಇವರೇ. ಇವರ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿದೆ. ಅದು ಇವತ್ತು ನಾಳೆ ಇಳಿಯೋದೂ ಅಲ್ಲ. ಆದ್ರೆ ಕೇಳಿ. ಬಾಯಿ ಮುಚ್ಕೊಂಡಿದ್ರೆ ಇವರದ್ದೇನೂ ಹೋಗ್ತಿರಲಿಲ್ಲ, ನನ್ನದೆಲ್ಲ ಹೋಗ್ತಿತ್ತು. ತಾನಾಗಿ ಬಂದು ಹೇಳಿದ್ರು. ಇಂಥವರು ಕೊಟ್ಟ ಅಳತೆಯನ್ನ ನಾನು ನಂಬ್ತೀನಿ. ಮೊಂಡ ಸೋತ ಅಂತ ಇವರು ಹೇಳಿದ್ರೂ ನಂಬ್ತೀನಿ."

ಥಳಥಳಮ್ಮನಿಗೆ ಆಗ ಅಳು ಬಂತು. ಬೈದಾಗ ಬಾರದ ಅಳು, ಮಹಡಿಯ ಮೇಲೆ, ನಿರ್ದೇಶಕರ ಮುಂದೆ. ತಡೆದುಕೊಳ್ಳಲು ಆಗಲಿಲ್ಲ, ಅವಳು ತಡೆದುಕೊಳ್ಳಲೂ ಇಲ್ಲ.

ಗಿಡಗಳನ್ನು ಕಿತ್ತು ತಂದರು. ಯಾವುದು ಯಾವ ತಳಿಯೆಂದು ಯಾರಿಗೂ ತಿಳಿಯದಂತೆ ಮೇಡಂ ಹೆಸರುಗಳನ್ನು ಮರೆಮಾಡಿ ಬರೀ ಗುರುತು ಅಂಟಿಸಿದ್ದರು. ಅವಳು ಒಂದೊಂದನ್ನೇ ಕಾಂಡ ಹಿಡಿದು, ಮೊದಲನೆಯದನ್ನು ಹೇಗೆ ಕೊಡವಿದಳೋ ಕೊನೆಯದನ್ನೂ ಹಾಗೆಯೇ ಕೊಡವಿದಳು. ಅಂಟಿದ್ದು ಅಂಟಿದ ಹಾಗೆಯೇ ಬಟ್ಟಲಿಗೆ ಇಳಿಯಿತು. ಮಣ್ಣು ಮೆತ್ತಿದ ಬೇರು ಕಂಡಾಗ ಹೆಬ್ಬೆರಳು ತುರಿಸಿತು. ಅದನ್ನು ಮುಷ್ಟಿಯೊಳಗೆ ಮಡಚಿಕೊಂಡು ಕೆಲಸ ಮಾಡಿದಳು. ಪಕ್ಕದಲ್ಲಿ ನೀರಿನ ಬಕೆಟ್ಟು ಇರಲಿಲ್ಲ; ಅವಳೇ ಬೆಳಿಗ್ಗೆ ಅದನ್ನು ಖಾಲಿ ಮಾಡಿ ಬೋರಲು ಹಾಕಿದ್ದಳು. ಈ ಸಲವೂ ಮೊಂಡ ಸೋತರೆ ಎಂಬ ಭಯ ಇಡೀ ಹೊತ್ತು ಅವಳ ಕತ್ತಿನ ಮೇಲೆ ಕೂತಿತ್ತು. ಮುಗಿಯುವಾಗ ಸೆರಗು, ಮೊಣಕೈ ಎಲ್ಲ ಮಣ್ಣಾಗಿತ್ತು, ಒರೆಸಿಕೊಳ್ಳಬೇಕೆಂದು ಹೊಳೆಯಲೂ ಇಲ್ಲ.

ಮೇಡಂ ಅಳತೆಯ ನೀರಿನಲ್ಲಿ ಬೇರುಗಳನ್ನು ತೊಳೆದು, ನೀರನ್ನು ಬಾಟಲಿಗಳಿಗೆ ಸೋಸಿ, ಮಣ್ಣನ್ನು ಓವನ್ನಿನ ಬಿಸಿ ಪೆಟ್ಟಿಗೆಯಲ್ಲಿ ಒಣಗಿಸಿದರು. ಬಣ್ಣದ ಪರೀಕ್ಷೆ ಮರುದಿನಕ್ಕಿತ್ತು. ಮಣ್ಣು ತೂಗುವುದನ್ನು ಮಾತ್ರ ಅವತ್ತೇ ಮುಗಿಸೋಣವೆಂದು ತಕ್ಕಡಿಯನ್ನು ಶೆಡ್ಡಿಗೇ ತಂದರು. ಗಾಜಿನ ಗೂಡಿನೊಳಗೆ ಅಂಕಿ ಮಿನುಗುವ ಸಣ್ಣ ತಕ್ಕಡಿ. ಮೇಷ್ಟ್ರು ಬಂದು, ಕೈ ಹಿಂದೆ ಕಟ್ಟಿ, ಗೋಡೆಯ ಕಡೆ ಮುಖ ಮಾಡಿ ನಿಂತರು.

"ನೀವೇ ಓದಿ ಅಮ್ಮ," ಎಂದರು ಮೇಡಂ. ಕೆಲವು ದಿನಗಳ ನಂತರ ಅವರು ಅವಳ ಕಣ್ಣು ನೋಡಿ ಆಡಿದ ಮೊದಲ ಮಾತು ಅದು.

ಒಂದೊಂದು ತಟ್ಟೆಯನ್ನೇ ತಕ್ಕಡಿಗಿಟ್ಟು ಅವಳು ತೂಕ ಓದಿದಳು. ಮೇಡಂ ಗುರುತಿನ ಚೀಟಿ ಬಿಡಿಸಿ ತಳಿಯ ಹೆಸರು ಹೇಳಿದರು. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ ಬಂದವು. ಕೊನೆಗೆ ಉಳಿದ ತಟ್ಟೆಯನ್ನು ಎತ್ತುವಾಗಲೇ ಭಾರ ಗೊತ್ತಾಯಿತು. ಅಂಕಿ ಏರಿತು, ನಿಂತಿತು. ಅವಳು ಓದಿದಳು. ಬೇರೆ ಯಾವುದೂ ಅದರ ಅರ್ಧಕ್ಕೂ ಬಂದಿರಲಿಲ್ಲ.

ಮೇಡಂ ಚೀಟಿ ಬಿಡಿಸಿದರು. "ಮೊಂಡ," ಎಂದರು.

ಮೇಷ್ಟ್ರು ಗೋಡೆಯಿಂದ ತಿರುಗಲಿಲ್ಲ. ಹಿಂದೆ ಹಿಂದೆ ಸರಿದು, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಎಷ್ಟು ಅಂದ್ರಿ ಅಮ್ಮ?"

ಅವಳು ಇನ್ನೊಮ್ಮೆ ಓದಿದಳು.

"ಇನ್ನೊಂದು ಸಲ ಓದಿ," ಎಂದರು ಮೇಷ್ಟ್ರು. ಕೇಳಿಸದೆ ಕೇಳಿದ್ದಲ್ಲವೆಂದು ಅವಳಿಗೆ ತಿಳಿಯಿತು. ಒಂದೊಂದೇ ಅಂಕಿ ಬಿಡಿಸಿ, ಗಟ್ಟಿಯಾಗಿ ಓದಿದಳು.